ಮೊದಲು ಯಾವ ಪೈಥಾನ್ ಕಲಿಯಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಇಂಡಿ ತಾಲ್ಲೂಕಿನವಳು. ವಿಜಯಪುರದಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದೇನೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಆಸೆ ಇದೆ. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ ತಾನು ಓದಿದ ಪುಸ್ತಕ ಕೊಟ್ಟಿದ್ದಾನೆ. ಅದರ ಮೇಲೆ ಪೈಥಾನ್ 2.7 ಅಂತ ಇದೆ. "ಇದನ್ನ ಮೊದಲ ಕಲಿ, ಬುನಾದಿ ಗಟ್ಟಿ ಆಗ್ತದ" ಅಂದ. ಗೆಳತಿಯರು 3 ಕಲಿ ಅನ್ನುತ್ತಾರೆ. ಅದರಲ್ಲೂ 3.8, 3.9, 3.14 ಅಂತ ಏನೇನೋ ಇವೆ. 3.14ಕ್ಕಿಂತ 3.9 ದೊಡ್ಡದು ಅಲ್ವಾ? ಮನೆಯಲ್ಲಿರುವುದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 7. ಅಪ್ಪನ ನಿಂಬೆ ವ್ಯಾಪಾರದ ಲೆಕ್ಕಕ್ಕೆ ನಾನೇ ಒಂದು ಪ್ರೋಗ್ರಾಂ ಬರೆಯಬೇಕು ಅಂತ ಮನಸ್ಸಿನಲ್ಲಿದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ತಂಗಿ, ಪೈಥಾನ್ 3ರಿಂದಲೇ ಶುರು ಮಾಡು. 2.7ರ ಪುಸ್ತಕವನ್ನು ಪ್ರೀತಿಯಿಂದ ಅಣ್ಣನಿಗೆ ವಾಪಸ್ ಕೊಡು.

ಅಣ್ಣ ಹೇಳಿದ್ದು ಅವನು ಕಲಿತ ಕಾಲಕ್ಕೆ ಸರಿಯಾಗಿಯೇ ಇತ್ತು. ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಭಾಷೆಯ ಹಳೆಯ ತೊಡಕುಗಳನ್ನು ಬಿಡಿಸಬೇಕು ಅಂತ ಅದನ್ನು ಹುಟ್ಟುಹಾಕಿದ ಗೀಡೋ ವಾನ್ ರಾಸಮ್ ಮತ್ತು ಜೊತೆಗಾರರು ಬೇಕೆಂದೇ ಅದನ್ನು ಬದಲಿಸಿದರು. ಹಳೆಯ ಪ್ರೋಗ್ರಾಂ ಹೊಸದರಲ್ಲಿ ಹಾಗೇ ಓಡುವುದಿಲ್ಲ ಅಂತ ಗೊತ್ತಿದ್ದೇ ಮಾಡಿದರು. ಆದರೆ ಕೆಲಸಕ್ಕೆ ಬೇಕಾದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ತುಣುಕುಗಳು, ಅಷ್ಟು ಬೇಗ ಬದಲಾಗಲಿಲ್ಲ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ 2013ರಲ್ಲಿ ಪ್ರಯೋಗಕ್ಕೆಂದು ಪೈಥಾನ್ 3ಕ್ಕೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಕೆಲಸ ಬೇಕಾದವರು 2.7 ಕಲಿಯದೆ ಬೇರೆ ದಾರಿ ಇರಲಿಲ್ಲ. 2.7ಕ್ಕೆ 2015ರಲ್ಲಿ ವಿದಾಯ ಹೇಳಬೇಕು ಅಂತ ಇತ್ತು. ಜನ ಇನ್ನೂ ದಾಟಿಲ್ಲ ಅಂತ 2020ರವರೆಗೆ ಮುಂದೂಡಿದರು. 2020ರ ಜನವರಿ 1ಕ್ಕೆ ಅದರ ರಿಪೇರಿ ನಿಂತಿತು. ಕೊನೆಯದಾಗಿ 2.7.18 ಅದೇ ವರ್ಷದ ಏಪ್ರಿಲ್‌ನಲ್ಲಿ ಬಂತು. ಆಮೇಲೆ ಅದರಲ್ಲಿ ಏನೇ ತೂತು ಸಿಕ್ಕರೂ ಪೈಥಾನ್ ಕಟ್ಟುವವರು ಮುಚ್ಚುವುದಿಲ್ಲ. ಇನ್ನು "ಬುನಾದಿ ಗಟ್ಟಿ" ಅನ್ನುವ ಮಾತು. ವೇರಿಯಬಲ್, ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ ಎರಡರಲ್ಲೂ ಒಂದೇ. 2.7ರಲ್ಲಿ ಬೇರೆಯಾಗಿ ಕಲಿಯುವುದೆಲ್ಲ ಆಮೇಲೆ ಮರೆಯಬೇಕಾದ್ದು. ಬುನಾದಿ ಅದರಿಂದ ಗಟ್ಟಿ ಆಗುವುದಿಲ್ಲ.

ನಿನ್ನ ನಿಂಬೆ ಲೆಕ್ಕವನ್ನೇ ತೆಗೆದುಕೋ. ನಾಲ್ಕು ಚೀಲಕ್ಕೆ 3350 ರೂಪಾಯಿ ಬಂತು ಅಂದುಕೊಳ್ಳೋಣ. ಚೀಲಕ್ಕೆ ಎಷ್ಟು? ಪೈಥಾನ್ 2ರಲ್ಲಿ 3350/4 ಅಂತ ಕೊಟ್ಟರೆ 837 ಅನ್ನುತ್ತದೆ. ಪೈಥಾನ್ 3ರಲ್ಲಿ 837.5. ಎರಡು ಪೂರ್ಣ ಸಂಖ್ಯೆಗಳನ್ನು ಭಾಗಿಸಿದರೆ ಹಳೆಯದು ಉತ್ತರವನ್ನೂ ಪೂರ್ಣ ಸಂಖ್ಯೆಯಾಗಿಯೇ ಕೊಡುತ್ತಿತ್ತು. ಉಳಿದ ಐವತ್ತು ಪೈಸೆ ಸುಮ್ನೆ ಬಿದ್ದುಹೋಗುತ್ತದೆ. ಎರರ್ ಬರುವುದಿಲ್ಲ, ಕೆಂಪು ಅಕ್ಷರ ಇಲ್ಲ, ಎಚ್ಚರಿಕೆಯೂ ಇಲ್ಲ. ನಿಂತುಹೋಗುವ ಪ್ರೋಗ್ರಾಂಗಿಂತ ಹೀಗೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುವ ಪ್ರೋಗ್ರಾಂ ನನಗೆ ಜಾಸ್ತಿ ಹೆದರಿಕೆ ತರಿಸುತ್ತದೆ. ಅಪ್ಪ ಆ ಕಾಗದ ನೋಡಿ ವ್ಯಾಪಾರಿಯ ಹತ್ತಿರ ಮಾತಾಡುತ್ತಾರೆ ಅಲ್ವಾ? ಹೊಸದರಲ್ಲಿ ಪೂರ್ಣ ಸಂಖ್ಯೆಯೇ ಬೇಕಾದರೆ ಎರಡು ಓರೆಗೆರೆ ಹಾಕಿ 3350//4 ಅಂತ ನೀನಾಗಿ ಕೇಳಬೇಕು.

ಎರಡನೇ ಕಾರಣ ನನಗೆ ಇನ್ನೂ ದೊಡ್ಡದು. ನಾವು ಕನ್ನಡದವರು. ಹೆಸರು, ಊರು, ಲೆಕ್ಕದ ತಲೆಬರಹ ಎಲ್ಲ ಕನ್ನಡದಲ್ಲಿ ಬರೆಯುತ್ತೇವೆ. ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ನಾನು ನಡೆಸುವ ಕ್ಲಾಸಿಗೆ ಖಾನಾಪುರ, ಬೈಲಹೊಂಗಲದಿಂದಲೂ ಹುಡುಗರು ಬರುತ್ತಾರೆ. ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಮೊದಲ ವಾರವೇ ಅವರ ಕೈಲಿ ಒಂದು ಕೆಲಸ ಮಾಡಿಸುತ್ತೇನೆ: "ಬೆಳಗಾವಿ" ಅಂತ ಬರೆದು ಅದರ ಉದ್ದ ಕೇಳಿ ಅನ್ನುತ್ತೇನೆ. ಪೈಥಾನ್ 3 ಹೇಳುವುದು 7. ಬ, ಎತ್ವ, ಳ, ಗ, ದೀರ್ಘ, ವ, ಗುಡಿಸು. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ, ಆದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗೆ ಬೇರೆ ಜಾಗ ಇದೆ. ಹಾಗಾಗಿ 7. ಅದೇ ಪದವನ್ನು ಪೈಥಾನ್ 2ರಲ್ಲಿ ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮದಲ್ಲಿ, ಬರೆದು ಕೇಳಿದರೆ 21 ಬರುತ್ತದೆ. ಯಾಕೆಂದರೆ ಅದು ಎಣಿಸುವುದು ಅಕ್ಷರವನ್ನಲ್ಲ, ಬೈಟ್‌ಗಳನ್ನು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಏಳು ಮೂರಲೆ ಇಪ್ಪತ್ತೊಂದು. ಮೊದಲ ಎರಡು ಅಕ್ಷರ ಕತ್ತರಿಸಿ ಕೊಡು ಅಂದರೆ ಒಂದು ಚಿಹ್ನೆಯ ಮೂರರಲ್ಲಿ ಎರಡು ಬೈಟ್ ಕೊಟ್ಟು ಕೂರುತ್ತದೆ. ಪರದೆಯ ಮೇಲೆ ಅರ್ಥವಿಲ್ಲದ ಗುರುತು. ಅದನ್ನು ಸರಿಪಡಿಸುವ ದಾರಿ ಪೈಥಾನ್ 2ರಲ್ಲೂ ಇತ್ತು. ಆದರೆ ಪ್ರತಿ ಕಡೆಗೂ ಇದು ಯೂನಿಕೋಡ್ ಅಂತ ನಾವೇ ಗುರುತು ಹಾಕುತ್ತಾ ಹೋಗಬೇಕಿತ್ತು. ಕಡತದ ತಲೆಯಲ್ಲಿ ಅಕ್ಷರಗಳನ್ನು ಯಾವ ಕ್ರಮದಲ್ಲಿ ಇಟ್ಟಿದೆ ಅಂತ ಹೇಳುವ ಎನ್‌ಕೋಡಿಂಗ್ ಸಾಲು ಬರೆಯದಿದ್ದರೆ ಕನ್ನಡ ಅಕ್ಷರ ಕಂಡ ಕೂಡಲೇ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಪೈಥಾನ್ 3ರಲ್ಲಿ ಆ ತಾಪತ್ರಯ ಇಲ್ಲ. ಅಷ್ಟೇ ಅಲ್ಲ, ಇದರಲ್ಲಿ ವೇರಿಯಬಲ್‌ನ ಹೆಸರನ್ನೇ ಕನ್ನಡದಲ್ಲಿ ಇಡಬಹುದು. ಬೆಲೆ = 3350 ಅಂತ ಬರೆ, ಓಡುತ್ತದೆ. ಕಂಪನಿಯ ಕೆಲಸದಲ್ಲಿ ಹಾಗೆ ಬರೆಯುವುದಿಲ್ಲ ನಿಜ. ಆದರೆ ಕಲಿಯುವ ದಿನಗಳಲ್ಲಿ ಯಾವುದು ಪೈಥಾನಿನ ಸ್ವಂತ ಪದ, ಯಾವುದು ನಾನು ಇಟ್ಟ ಹೆಸರು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನ್ನ ಹುಡುಗರಿಗೆ ಇದು ತುಂಬಾ ಸಹಾಯ ಮಾಡಿದೆ.

ಎರಡು ಎಚ್ಚರಿಕೆ. ವಿಂಡೋಸ್‌ನಲ್ಲಿ ಕನ್ನಡ ಇರುವ ಕಡತವನ್ನು ಪ್ರೋಗ್ರಾಂನಿಂದ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳು. ಇಲ್ಲದಿದ್ದರೆ ಅದು ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್ ಹಿಡಿದು ಓದಲು ಹೋಗಬಹುದು. ಇನ್ನೊಂದು, ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಪರದೆಯಲ್ಲಿ ಕನ್ನಡ ಚೌಕ ಚೌಕವಾಗಿ ಕಂಡರೆ ಗಾಬರಿ ಬೇಡ. ಪೈಥಾನ್ ಜೊತೆಗೇ ಬರುವ, ಪ್ರೋಗ್ರಾಂ ಬರೆದು ಓಡಿಸುವ ಕಿಟಕಿಯಾದ ಐಡಲ್‌ನಲ್ಲಿ ಓಡಿಸಿ ನೋಡು.

ಈಗ ನಿನ್ನ ಸಂಖ್ಯೆಯ ಪ್ರಶ್ನೆ. 3.14 ಅನ್ನುವುದು ದಶಮಾಂಶ ಅಲ್ಲ. ಪುಸ್ತಕದಲ್ಲಿ ಮೂರನೇ ಅಧ್ಯಾಯದ ಹದಿನಾಲ್ಕನೇ ಪಾಠ ಇದ್ದ ಹಾಗೆ. ಆದ್ದರಿಂದ 3.9ಕ್ಕಿಂತ 3.10 ಹೊಸದು, 3.14 ಇನ್ನೂ ಹೊಸದು. ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಒಂದು ಹೊಸ ವರ್ಷನ್ ಬರುತ್ತದೆ. 3.12 ಬಂದದ್ದು 2023ರಲ್ಲಿ, 3.13 ಬಂದದ್ದು 2024ರಲ್ಲಿ, 3.14 ಬಂದದ್ದು 2025ರಲ್ಲಿ. ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ರಿಪೇರಿ ಸಿಗುತ್ತದೆ. ಇವುಗಳ ನಡುವೆ 2ಕ್ಕೂ 3ಕ್ಕೂ ಇದ್ದಂಥ ಒಡಕು ಇಲ್ಲ. 3.8ರಲ್ಲಿ ಕಲಿತ ಹುಡುಗಿ 3.14ರ ಮುಂದೆ ಕೂತರೆ ಅರ್ಧ ದಿನದಲ್ಲಿ ಹೊಂದಿಕೊಳ್ಳುತ್ತಾಳೆ.

ಹಾಗಾದರೆ ಹೊಸದೇ ಯಾಕೆ ಬೇಕು? ಒಂದೇ ಕಾರಣಕ್ಕೆ, ಅದು ಎರರ್ ಹೇಳುವ ರೀತಿಗೆ. ಮೊನ್ನೆ ಖಾನಾಪುರದ ಹುಡುಗ ಒಬ್ಬ ಹಳೆಯ ಯಂತ್ರದಲ್ಲಿ 3.8 ಹಾಕಿಕೊಂಡು ಕೂತಿದ್ದ. ನಾಲ್ಕನೇ ಸಾಲಿನಲ್ಲಿ ಒಂದು ಕಂಸ ತೆರೆದವನು ಮುಚ್ಚಿರಲಿಲ್ಲ. ಪೈಥಾನ್ ಐದನೇ ಸಾಲಿಗೆ ಬೆರಳು ತೋರಿಸಿ "ಇನ್ವ್ಯಾಲಿಡ್ ಸಿಂಟ್ಯಾಕ್ಸ್" ಅಂದಿತು. ಐದನೇ ಸಾಲಿನಲ್ಲಿ ತಪ್ಪೇ ಇಲ್ಲ! ಅವನು ಅದನ್ನೇ ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ, ಮತ್ತೆ ಅದೇ ಎರರ್. ಮುಖ ಸಣ್ಣದಾಯಿತು. "ಮೇಡಂ, ನನಗ ಇದು ಬರಂಗಿಲ್ಲ ಬಿಡ್ರಿ" ಅಂದ. ಅದೇ ಕಡತವನ್ನು ಪಕ್ಕದ ಯಂತ್ರದಲ್ಲಿ ಹೊಸ ಪೈಥಾನ್‌ಗೆ ಕೊಟ್ಟೆವು. ಅದು ನಾಲ್ಕನೇ ಸಾಲಿಗೇ ಹೋಗಿ, ಆ ಕಂಸದ ಕೆಳಗೇ ಗುರುತಿಟ್ಟು, ಈ ಕಂಸ ಮುಚ್ಚಲೇ ಇಲ್ಲ ಅಂತ ಹೇಳಿತು. ಮುಚ್ಚಿದ, ಓಡಿತು. ಈ ಸುಧಾರಣೆ ಬಂದದ್ದು 2021ರ 3.10ರಲ್ಲಿ. ಹೆಸರಿನ ಕಾಗುಣಿತ ತಪ್ಪಿದರೆ "ನೀವು ಹೇಳಬೇಕೆಂದಿದ್ದು ಇದಾ?" ಅಂತ ಸರಿಯಾದ ಹೆಸರನ್ನು ಸೂಚಿಸುವುದೂ ಅಲ್ಲಿಂದಲೇ. ಹತ್ತಿರ ಕೂತು ಹೇಳಿಕೊಡುವವರು ಇಲ್ಲದ ಊರಿನಲ್ಲಿ ಒಬ್ಬರೇ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬರಂಗಿಲ್ಲ ಅಂತ ಬಿಟ್ಟುಹೋಗುವ ಎಷ್ಟೋ ಮಕ್ಕಳು ಬಿಡುವುದು ಇಂಥ ಒಂದು ಕಂಸದ ಹತ್ತಿರವೇ.

ಆದರೆ ನಿನ್ನ ವಿಂಡೋಸ್ 7ರಲ್ಲಿ 3.8ರ ಆಚೆ ಹೋಗುವುದಿಲ್ಲ. ಅದೇ ಕೊನೆ. ಸರ್ವಿಸ್ ಪ್ಯಾಕ್ 1 ಹಾಕಿದೆಯಾ ನೋಡಿಕೊಂಡು, ಪೈಥಾನ್‌ನ ಅಧಿಕೃತ ತಾಣದಿಂದ 3.8.10ರ ಇನ್‌ಸ್ಟಾಲರ್ ಇಳಿಸಿಕೋ. 3.8 ಸರಣಿಯಲ್ಲಿ ವಿಂಡೋಸ್‌ಗೆ ಸಿದ್ಧ ಇನ್‌ಸ್ಟಾಲರ್ ಸಿಕ್ಕ ಕೊನೆಯದು ಅದು. ಯಂತ್ರ 32 ಬಿಟ್‌ನದಾದರೆ 32 ಬಿಟ್‌ನದನ್ನೇ ಇಳಿಸು. 3.8ರ ರಿಪೇರಿ 2024ಕ್ಕೆ ನಿಂತಿದೆ. ವಿಂಡೋಸ್ 7ರದು 2020ಕ್ಕೇ ನಿಂತಿದೆ. ಆದ್ದರಿಂದ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ. ಲೂಪು, ಫಂಕ್ಷನ್ ಕಲಿಯಲು, ನಿಂಬೆ ಲೆಕ್ಕ ಬರೆಯಲು ಧಾರಾಳವಾಗಿ ಸಾಕು. ಎರರ್ ಅರ್ಥವಾಗದೆ ಸಿಕ್ಕಿಹಾಕಿಕೊಂಡಾಗ ಮೊಬೈಲ್‌ನಲ್ಲಿ ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ತಾಣ ತೆರೆದು ಅದೇ ಸಾಲುಗಳನ್ನು ಅಲ್ಲಿ ಓಡಿಸು. ಅಲ್ಲಿ ಹೊಸ ಪೈಥಾನ್ ಇರುತ್ತದೆ, ತಪ್ಪು ಎಲ್ಲಿ ಅಂತ ಚೆನ್ನಾಗಿ ಹೇಳುತ್ತದೆ. ಮುಂದೆ ಲ್ಯಾಪ್‌ಟಾಪ್ ಕೊಂಡಾಗ ಹೊಸದಕ್ಕೆ ಹೋಗು. ಒಂದು ಮಾತು ಮಾತ್ರ: ಅಕ್ಟೋಬರ್‌ನಲ್ಲಿ ಹೊಸ ವರ್ಷನ್ ಬಂದ ಕೂಡಲೇ ಓಡಬೇಡ. ಡೇಟಾ, ಮಷಿನ್ ಲರ್ನಿಂಗ್ ಲೈಬ್ರರಿಗಳಲ್ಲಿ ಕೆಲವು ಅದಕ್ಕೆ ಹೊಂದಿಕೊಳ್ಳಲು ಒಂದಷ್ಟು ತಿಂಗಳು ಹಿಡಿಯುತ್ತವೆ. ಆ ದಿನಗಳಲ್ಲಿ ಹಿಂದಿನ ವರ್ಷದ್ದೇ ಒಳ್ಳೆಯದು.

ಪುಸ್ತಕ ಕೊಳ್ಳುವಾಗ, ವಿಡಿಯೋ ನೋಡುವಾಗ ಮೊದಲ ಪ್ರೋಗ್ರಾಂ ನೋಡು. ಪ್ರಿಂಟ್ ಆದ ಮೇಲೆ ಕಂಸ ಇಲ್ಲದೆ ನೇರ ಉದ್ಧರಣ ಚಿಹ್ನೆ ಬಂದರೆ ಅದು ಪೈಥಾನ್ 2. ರಾ ಇನ್‌ಪುಟ್ ಅನ್ನುವ ಪದ ಕಂಡರೂ ಅಷ್ಟೇ. ಮುಖಪುಟದಲ್ಲಿ ಏನೇ ಬರೆದಿರಲಿ, ಅದನ್ನು ಕೆಳಗಿಡು.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ಇಳಕಲ್ಲಿನವನು, ಸೀರೆ ನೇಯುವ ಮನೆತನ. ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ರಜೆಯಲ್ಲಿ ಜಾವಾ ಕ್ಲಾಸಿಗೆ ಸೇರುತ್ತೇನೆ ಅನ್ನುತ್ತಾನೆ. ಒಂದು ಕಡೆ ಜಾವಾ 8 ಅಂತೆ, ಫೀಸು ಕಡಿಮೆ. ಇನ್ನೊಂದು ಕಡೆ ಜಾವಾ 21, ಫೀಸು ಜಾಸ್ತಿ. ಮತ್ತೆ ಕೋರ್ ಜಾವಾ ಬೇರೆ, ಅಡ್ವಾನ್ಸ್ ಜಾವಾ ಬೇರೆ ಅಂತಲೂ ಹೇಳುತ್ತಾರೆ. ಹಳೆಯದಕ್ಕೆ ದುಡ್ಡು ಹಾಕಿ ಮೋಸ ಹೋಗಬಾರದು ನೋಡ್ರಿ. ನನಗೆ ಇದರಲ್ಲಿ ಏನೂ ತಿಳಿಯುವುದಿಲ್ಲ.

ಉತ್ತರ: ಅಣ್ಣಾವ್ರೇ, ನೀವು ಕೇಳಿದ್ದು ಒಳ್ಳೆಯದಾಯಿತು. ಮೊದಲು, ಕೋರ್ ಮತ್ತು ಅಡ್ವಾನ್ಸ್ ಅನ್ನುವುದು ವರ್ಷನ್ ಅಲ್ಲ. ಕೋರ್ ಅಂದರೆ ಭಾಷೆಯ ಮೂಲ ಪಾಠ. ಅಡ್ವಾನ್ಸ್ ಅಂದರೆ ಅದನ್ನು ಬಳಸಿ ಡೇಟಾಬೇಸ್, ವೆಬ್ ಕೆಲಸ ಮಾಡುವುದು. ಇದು ಕ್ಲಾಸಿನವರು ಮಾಡಿಕೊಂಡ ವಿಂಗಡಣೆ. ಮಗನಿಗೆ ಕೋರ್ ಗಟ್ಟಿಯಾಗದೆ ಅಡ್ವಾನ್ಸ್‌ಗೆ ದುಡ್ಡು ಕಟ್ಟಬೇಡಿ.

ಜಾವಾದ ಕಥೆ ಪೈಥಾನ್ ಹಾಗಲ್ಲ. ಇಲ್ಲಿ ಹಳೆಯ ಪ್ರೋಗ್ರಾಂಗಳು ಹೊಸದರಲ್ಲೂ ಬಹುಮಟ್ಟಿಗೆ ಓಡುತ್ತವೆ. ಜಾವಾ 8 ಬಂದದ್ದು 2014ರ ಮಾರ್ಚ್‌ನಲ್ಲಿ. ಲ್ಯಾಂಬ್ಡಾ, ಸ್ಟ್ರೀಮ್ ಅನ್ನುವ ದೊಡ್ಡ ಬದಲಾವಣೆಗಳು ಅದರಲ್ಲೇ ಬಂದವು. ಇವತ್ತಿಗೂ ಅದರ ಮೇಲೆ ನಡೆಯುವ ಕಂಪನಿ ಕೆಲಸಗಳು ಇವೆ. ಆಮೇಲೆ ಆರು ತಿಂಗಳಿಗೊಂದು ವರ್ಷನ್ ಬರತೊಡಗಿತು. ಅವುಗಳಲ್ಲಿ ಹೆಚ್ಚು ಕಾಲ ರಿಪೇರಿ ಸಿಗುವವು 11, 17, 21, 25. 21 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, 25 ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮಗ 21 ಅಥವಾ 25 ಹಾಕಿಕೊಂಡು ಕಲಿಯಲಿ. 8ರಲ್ಲಿ ಕಲಿತರೂ ದುಡ್ಡು ದಂಡ ಆಗುವುದಿಲ್ಲ. ಆದರೆ 25ರಲ್ಲಿ ಹೊಸಬರಿಗೆ ಒಂದು ಅನುಕೂಲ ಇದೆ. ಮೊದಲೆಲ್ಲ ಪರದೆಯ ಮೇಲೆ ಒಂದು ಮಾತು ಮೂಡಿಸಲಿಕ್ಕೂ ಪಬ್ಲಿಕ್, ಸ್ಟ್ಯಾಟಿಕ್, ಕ್ಲಾಸ್ ಅಂತ ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಬೇಕಿತ್ತು. ಈಗ ಸಣ್ಣ ಪ್ರೋಗ್ರಾಂಗೆ ಅದು ಬೇಡ.

ಫೀಸಿನ ವ್ಯತ್ಯಾಸ ವರ್ಷನ್‌ಗಾಗಿ ಅಂತ ಅವರು ಹೇಳಿದರೆ ಒಪ್ಪಬೇಡಿ. ಜಾವಾ ಕಲಿಯಲು ಬೇಕಾದ ಓಪನ್ ಜೆಡಿಕೆ ಅನ್ನುವ ತಂತ್ರಾಂಶ ಯಾವ ವರ್ಷನ್ ಆದರೂ ಪುಕ್ಕಟೆ ಸಿಗುತ್ತದೆ. ಮಗನಿಗೆ ಹೇಳಿ, ಸೇರುವ ಮೊದಲು ಪಾಠದ ಪಟ್ಟಿ ಕೇಳಲಿ. ಅದರಲ್ಲಿ ಬ್ರೌಸರ್ ಒಳಗೆ ಓಡುತ್ತಿದ್ದ ಸಣ್ಣ ಜಾವಾ ಪ್ರೋಗ್ರಾಂ ಆದ ಆ್ಯಪ್ಲೆಟ್‌ಗೆ ವಾರಗಟ್ಟಲೆ ಜಾಗ ಇದ್ದರೆ ಆ ಕ್ಲಾಸು ಬೇಡ. ಕ್ರೋಮ್ ಬ್ರೌಸರ್ 2015ರಲ್ಲೇ ಆ್ಯಪ್ಲೆಟ್ ಓಡಿಸುವುದನ್ನು ಬಿಟ್ಟಿದೆ. ಪಟ್ಟಿಯನ್ನು ಇನ್ನೂ ತಿದ್ದಿಲ್ಲ ಅಂದರೆ ಪಾಠವನ್ನೂ ತಿದ್ದಿರುವುದಿಲ್ಲ. ಇನ್ನೊಂದು, ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಲು ಬಿಡುತ್ತಾರಾ ಕೇಳಿ. ಹುಡುಗರ ಕೈ ಕೀಬೋರ್ಡ್ ಮೇಲೆ ಇದೆಯಾ, ಬರೀ ನೋಟ್ಸ್ ಬರೆದುಕೊಳ್ಳುತ್ತಿದ್ದಾರಾ ಅನ್ನುವುದು ನಿಮ್ಮ ಕಣ್ಣಿಗೂ ಗೊತ್ತಾಗುತ್ತದೆ. ಅದಕ್ಕೆ ಜಾವಾ ಬರಬೇಕಾಗಿಲ್ಲ.

ಪ್ರಶ್ನೆ: ನಾನು ಗೋಕಾಕದ ಡಿಪ್ಲೊಮಾ ವಿದ್ಯಾರ್ಥಿ. ನಮ್ಮ ಲ್ಯಾಬಿನಲ್ಲಿ ಟರ್ಬೋ ಸಿ, ಅದೇ ನೀಲಿ ಪರದೆ. ಅಲ್ಲಿ ಓಡುವ ಪ್ರೋಗ್ರಾಂ ಮನೆಯಲ್ಲಿ ಮೊಬೈಲ್ ಕಂಪೈಲರ್‌ನಲ್ಲಿ ಓಡುವುದಿಲ್ಲ. ಯಾವುದನ್ನು ನಂಬಲಿ?

ಉತ್ತರ: ತಮ್ಮಾ, ಮನೆಯದನ್ನು ನಂಬು. ಲ್ಯಾಬಿನಲ್ಲಿ ಕೇಳಿದ ಹಾಗೆ ಬರೆದು ಮಾರ್ಕ್ಸ್ ತಗೋ, ಅದರಲ್ಲಿ ತಪ್ಪಿಲ್ಲ.

ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಬಂದದ್ದು 1987ರಲ್ಲಿ, ಡಾಸ್ ಕಾಲಕ್ಕೆ. ತೆರೆ ಒರೆಸುವ ಕ್ಲಿಯರ್ ಸ್ಕ್ರೀನ್, ಕೀ ಒತ್ತುವ ತನಕ ಕಾಯುವ ಗೆಟ್‌ಚ್, ಇವು ಇರುವ ಕೋನಿಯೋ ಹೆಡರ್ ಸಿ ಭಾಷೆಯ ನಿಯಮದಲ್ಲೇ ಇಲ್ಲ. ಅದಕ್ಕೇ ನಿನ್ನ ಮೊಬೈಲ್‌ಗೆ ಅದು ಗೊತ್ತಿಲ್ಲ. ಇನ್ನೂ ಒಂದು ವ್ಯತ್ಯಾಸ ಇದೆ, ಅದನ್ನು ನೀನೇ ಮಾಡಿ ನೋಡು. 200 ಅಡಿ ಉದ್ದ, 200 ಅಡಿ ಅಗಲದ ಜಾಗದ ಅಳತೆಯನ್ನು ಪೂರ್ಣ ಸಂಖ್ಯೆ ಇಡುವ ಇಂಟ್‌ನಲ್ಲಿ ಇಟ್ಟು ಗುಣಿಸು. ಮೊಬೈಲ್ 40000 ಅನ್ನುತ್ತದೆ. ಟರ್ಬೋ ಸಿ -25536 ಅನ್ನುತ್ತದೆ. ಅಲ್ಲಿ ಇಂಟ್‌ಗೆ ಇರುವುದು ಎರಡೇ ಬೈಟ್. 32767 ದಾಟಿದರೆ ಮೈನಸ್ ಕಡೆ ಹೊರಳುತ್ತದೆ. ಈಗಿನ ಕಂಪೈಲರ್‌ಗಳಲ್ಲಿ ನಾಲ್ಕು ಬೈಟ್. ಇದನ್ನು ಎರಡೂ ಕಡೆ ಓಡಿಸಿ ಕಣ್ಣಾರೆ ನೋಡಿದರೆ ಇಂಟ್ ಅಂದರೇನು ಅಂತ ಯಾವ ನೋಟ್ಸೂ ಹೇಳದಷ್ಟು ಚೆನ್ನಾಗಿ ತಲೆಗೆ ಹೋಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಸಿಕ್ಕರೆ ಪ್ರೋಗ್ರಾಂ ಬರೆಯಲು ಕೋಡ್ ಬ್ಲಾಕ್ಸ್ ಮತ್ತು ಜಿಸಿಸಿ ಅನ್ನುವ ಕಂಪೈಲರ್ ಹಾಕಿಕೋ, ಎರಡೂ ಪುಕ್ಕಟೆ. ಮೇನ್ ಮುಂದೆ ವಾಯ್ಡ್ ಬದಲು ಇಂಟ್ ಬರೆಯುವ ರೂಢಿಯನ್ನು ಈಗಲೇ ಮಾಡಿಕೋ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಬೆಳಗಾವಿಯ ಶಹಾಪುರದಲ್ಲಿ ವಾಸ. ಪೈಥಾನ್ 4 ಬರುವ ತನಕ ಕಾದು ಕಲಿಯುವುದು ಒಳ್ಳೆಯದೇ?

ಉತ್ತರ: ಗುರುಗಳೇ, ಕಾಯಬೇಡಿ. 3.14ರ ಮುಂದಿನದು 3.15. ಹಿಂದಿನಂಥ ಒಡಕು ಮತ್ತೆ ಬೇಡ ಅಂತ ಪೈಥಾನ್ ಕಟ್ಟುವವರೇ ಹೇಳಿದ್ದಾರೆ. ಇವತ್ತು ಸಂಜೆಯೇ ಶುರು ಮಾಡಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಹೇಗೋ ಎರಡು ಪೈಥಾನ್ ಸೇರಿಕೊಂಡಿವೆ. ಲೈಬ್ರರಿ ಹಾಕಿದೆ ಅನ್ನುತ್ತದೆ, ಪ್ರೋಗ್ರಾಂ ಓಡಿಸಿದರೆ ಲೈಬ್ರರಿ ಇಲ್ಲ ಅನ್ನುತ್ತದೆ. ಜಮಖಂಡಿಯಿಂದ ಒಬ್ಬ ಓದುಗ.

ಉತ್ತರ: ಲೈಬ್ರರಿ ಒಂದಕ್ಕೆ ಸೇರಿದೆ, ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿದೆ. ಇಷ್ಟೇ ವಿಷಯ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪಿ, ವೈ ಅನ್ನುವ ಎರಡು ಅಕ್ಷರ ಒತ್ತಿ, ಜಾಗ ಬಿಟ್ಟು, ಅಡ್ಡಗೆರೆ (ಹೈಫನ್) ಹಾಕಿ ಸೊನ್ನೆ ಒತ್ತಿ. ಯಂತ್ರದಲ್ಲಿರುವ ಪೈಥಾನ್‌ಗಳ ಪಟ್ಟಿ ಬರುತ್ತದೆ, ತಾನಾಗಿ ಓಡುವುದರ ಪಕ್ಕ ನಕ್ಷತ್ರ ಇರುತ್ತದೆ. ಲೈಬ್ರರಿ ಹಾಕುವಾಗ ಬರೀ ಪಿಪ್ ಅಂತ ಶುರು ಮಾಡಬೇಡಿ. ಪಿ, ವೈ, ಜಾಗ, ಅಡ್ಡಗೆರೆ, ವರ್ಷನ್ ಸಂಖ್ಯೆ, ಜಾಗ, ಅಡ್ಡಗೆರೆ, ಎಂ, ಜಾಗ, ಆಮೇಲೆ ಪಿಪ್, ಉಳಿದದ್ದು ಎಂದಿನಂತೆ ಬರೆದರೆ ನೀವು ಹೇಳಿದ ವರ್ಷನ್‌ಗೇ ಅದು ಸೇರುತ್ತದೆ. ಪ್ರೋಗ್ರಾಂ ಓಡಿಸುವಾಗಲೂ ಅದೇ ಸಂಖ್ಯೆ ಕೊಡಿ. ಹಳೆಯದು ಯಾವುದಕ್ಕೂ ಬೇಡ ಅನಿಸಿದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ತೆಗೆದುಹಾಕಿ. ಮುಂದೆ ಹೊಸದನ್ನು ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ಪಾಥ್‌ಗೆ ಸೇರಿಸು ಅನ್ನುವ ಸಣ್ಣ ಚೌಕ ಇದ್ದರೆ ಅದಕ್ಕೆ ಟಿಕ್ ಹಾಕಿಯೇ ಮುಂದಕ್ಕೆ ಹೋಗಿ.